ಹಳೆಯ ಕಾರಿನಲ್ಲಿ ದೋಷ: ಖರೀದಿದಾರನ ಹಕ್ಕುಗಳು

ಬಂಡವಾಳ ಉಳಿಸುವ ಸಲುವಾಗಿ ವರ್ತಕರೂ ಸಣ್ಣ ಉದ್ದಿಮೆದಾರರೂ ಡೀಲರ್‌ಗಳಿಂದ ಹಳೆಯ ಕಾರನ್ನು ಖರೀದಿಸುವುದು ಸಾಮಾನ್ಯ. ತಿಂಗಳೊಪ್ಪತ್ತಿನಲ್ಲಿ ಎಂಜಿನ್ ಕೈಕೊಟ್ಟಾಗ, ‘ಇದ್ದ ಸ್ಥಿತಿಯಲ್ಲೇ ಮಾರಿದ್ದೇವೆ’ ಎಂಬ ಉತ್ತರ ದೊರೆಯುತ್ತದೆ. ಕಾನೂನಿನ ದೃಷ್ಟಿಯಲ್ಲಿ ಇದೇ ಅಂತಿಮ ಮಾತಲ್ಲ.

ದೋಷವೆಂದರೇನು?

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ, ಕಾನೂನು ಅಥವಾ ಕರಾರಿನಂತೆ ಇರಬೇಕಾದ ಗುಣಮಟ್ಟದಲ್ಲಿನ ಕೊರತೆ ಮಾತ್ರವಲ್ಲ, ಮಾರಾಟಗಾರನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಇಲ್ಲದಿರುವುದೂ ದೋಷವೇ. ವಯಸ್ಸಿಗೆ ತಕ್ಕಂತೆ ಸವೆದ ಟೈರು, ಬ್ರೇಕ್ ಪ್ಯಾಡ್‌ಗಳು ದೋಷವೆನಿಸಲಾರವು. ಆದರೆ ‘ಅಪಘಾತವಾಗಿಲ್ಲ’ ಎಂದು ಹೇಳಿ ಅಪಘಾತಕ್ಕೀಡಾದ ಕಾರನ್ನು ಮಾರಿದರೆ, ಅಥವಾ ಓಡೋಮೀಟರ್ ತಿದ್ದಿ ಓಡಿದ ದೂರವನ್ನು ಕಡಿಮೆ ತೋರಿಸಿದರೆ ದೂರಿಗೆ ಆಧಾರವುಂಟು. ಆದ್ದರಿಂದ ಜಾಹೀರಾತು, ತಪಾಸಣಾ ವರದಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಕಾಯ್ದಿರಿಸುವುದು ಅಗತ್ಯ.

ವರ್ತಕನೂ ಗ್ರಾಹಕನೇ?

ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವನು ಈ ಅಧಿನಿಯಮದಡಿ ಗ್ರಾಹಕನಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡು ಬಳಸುವವನಿಗೆ ಮಾತ್ರ ವಿನಾಯಿತಿಯಿದೆ. ಸಂಸ್ಥೆಯ ಹೆಸರಿನಲ್ಲಿ ಬಿಲ್ಲು ಇದ್ದ ಮಾತ್ರಕ್ಕೆ ಹಕ್ಕು ನಷ್ಟವಾಗದು. ಖರೀದಿಯ ಪ್ರಧಾನ ಉದ್ದೇಶವೇ ಇಲ್ಲಿ ಮುಖ್ಯ. ನಿರ್ದೇಶಕರ ವೈಯಕ್ತಿಕ ಬಳಕೆಗಾಗಿ ಕಂಪನಿಯೊಂದು ಕೊಂಡ ಕಾರುಗಳ ಪ್ರಕರಣದಲ್ಲಿ, ಅದು ವಾಣಿಜ್ಯ ಉದ್ದೇಶದ ಖರೀದಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಜುಲೈನಲ್ಲಿ ತೀರ್ಪಿತ್ತಿದೆ. ಅದು ಹೊಸ ಕಾರುಗಳ ಪ್ರಕರಣವಾದರೂ ‘ಗ್ರಾಹಕ’ ಎಂಬ ವ್ಯಾಖ್ಯೆ ಹಳೆಯ ಕಾರಿಗೂ ಒಂದೇ.

ಗ್ರಾಹಕನೆನಿಸದವನಿಗೂ ಸರಕು ಮಾರಾಟ ಅಧಿನಿಯಮ, 1930ರ 16ನೇ ಕಲಮಿನ ಆಸರೆಯಿದೆ. ಅಂತಹ ಸರಕಿನ ವ್ಯಾಪಾರ ಮಾಡುವವನಿಂದ ವಿವರಣೆಯ ಆಧಾರದ ಮೇಲೆ ಕೊಂಡಾಗ, ಸರಕು ಮಾರಾಟಯೋಗ್ಯವಾಗಿರಬೇಕೆಂಬ ಷರತ್ತು ತಾನಾಗಿಯೇ ಅಡಕವಾಗಿರುತ್ತದೆ. ಆದರೆ ಖರೀದಿದಾರನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಗಳಿಗೆ ಈ ಷರತ್ತು ಅನ್ವಯಿಸದು. ಅಲ್ಲದೆ ಲಿಖಿತ ಕರಾರಿನಿಂದ ಇಂತಹ ಷರತ್ತನ್ನು ಕೈಬಿಡಲು 62ನೇ ಕಲಮು ಅವಕಾಶ ನೀಡುವುದರಿಂದ, ಓದದೆ ಸಹಿ ಹಾಕುವುದು ಅಪಾಯಕರ. ಈ ಹಾದಿಯಲ್ಲಿ ಪರಿಹಾರಕ್ಕೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು.

ಬಿಲ್ಲು ಯಾರ ಹೆಸರಿನದು?

ಅನೇಕ ವ್ಯವಹಾರಗಳಲ್ಲಿ ಡೀಲರ್ ಹಣ ಪಡೆದರೂ ಕಾಗದದಲ್ಲಿ ಹಿಂದಿನ ಮಾಲೀಕನೇ ಮಾರಾಟಗಾರ. ವ್ಯಾಜ್ಯ ಬಂದಾಗ ಡೀಲರ್ ‘ನಾನು ಬರೀ ಮಧ್ಯವರ್ತಿ’ ಎನ್ನುತ್ತಾನೆ. 2023ರ ಏಪ್ರಿಲ್ 1ರಿಂದ ಕೇಂದ್ರ ಮೋಟಾರು ವಾಹನ ನಿಯಮಗಳಡಿ ಹಳೆಯ ವಾಹನಗಳ ಡೀಲರ್‌ಗಳಿಗೆ ನೋಂದಣಿ ಪ್ರಾಧಿಕಾರದ ಅಧಿಕಾರ ಪತ್ರದ ವ್ಯವಸ್ಥೆ ಜಾರಿಯಲ್ಲಿದೆ. ಅದನ್ನು ನೋಡಿ, ಪೂರ್ಣ ಬೆಲೆಗೆ ಡೀಲರ್ ಹೆಸರಿನಲ್ಲೇ ಬಿಲ್ಲು ಪಡೆಯಬೇಕು. ಬಿಲ್ಲಿಲ್ಲದೆ ನಗದಾಗಿ ಕೊಟ್ಟ ಹಣವನ್ನು ಮರಳಿ ಕೇಳುವುದು ಕಷ್ಟ.

ದೂರು ಸಲ್ಲಿಸುವ ಬಗೆ

ಮೊದಲು ಡೀಲರ್‌ಗೆ ಲಿಖಿತ ನೋಟಿಸು ಕೊಡುವುದು ಲೇಸು. ಪರಿಹಾರ ದೊರೆಯದಿದ್ದರೆ ಎರಡು ವರ್ಷಗಳೊಳಗೆ ಆಯೋಗಕ್ಕೆ ದೂರು ಸಲ್ಲಿಸಬೇಕು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ. ದೂರುದಾರನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಯೋಗವು ದೋಷ ನಿವಾರಣೆ, ಬದಲಿ ವಾಹನ, ಬೆಲೆಯ ಮರುಪಾವತಿ ಅಥವಾ ನಷ್ಟ ಪರಿಹಾರಕ್ಕೆ ಆದೇಶಿಸಬಹುದು.

ದೋಷವನ್ನು ರುಜುವಾತುಪಡಿಸುವ ಹೊಣೆ ದೂರುದಾರನದು. ಆದಕಾರಣ ಕೆಟ್ಟ ಭಾಗವನ್ನು ಬಿಚ್ಚಿಸಿ ರಿಪೇರಿ ಮಾಡಿಸುವ ಮುನ್ನವೇ ನುರಿತ ತಂತ್ರಜ್ಞರಿಂದ ಲಿಖಿತ ವರದಿ ಪಡೆದು, ಛಾಯಾಚಿತ್ರಗಳನ್ನು ತೆಗೆದಿಡಬೇಕು. ರಿಪೇರಿಯೊಂದಿಗೆ ಸಾಕ್ಷ್ಯವೂ ಅಳಿದುಹೋದರೆ ನ್ಯಾಯಯುತವಾದ ದೂರು ಕೂಡ ನಿಲ್ಲಲಾರದು.