ಇಳಿಜಾರಿನ ದಾರಿಯೂ ಹಳೆಯ ಗಾಡಿಯ ಬ್ರೇಕೂ

ತೋಟಕ್ಕೆ ಗೊಬ್ಬರ ಹಾಕುವ ಕಾಲ ಯಾವುದು, ಮದ್ದು ಬಿಡುವ ಕಾಲ ಯಾವುದು ಎಂದು ನಮ್ಮ ಕೃಷಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಡಿಕೆ ಮೂಟೆ ಹೊರುವ ಗಾಡಿಯ ಬ್ರೇಕು ನೋಡಿಸುವ ಕಾಲ ಯಾವುದೆಂದು ಕೇಳಿದರೆ ಹೆಚ್ಚಿನವರು ತಲೆ ತುರಿಸಿಕೊಳ್ಳುವರು. ನಾವೂ ಆ ಸಾಲಿನವರೇ ಆಗಿದ್ದೆವು. ಆಟಿಯ ಒಂದು ದಿನ ಅಡಿಕೆ ಹೇರಿಕೊಂಡು ಪೆರ್ಲದ ಕಡೆಗೆ ಗುಡ್ಡ ಇಳಿಯುತ್ತಿದ್ದಾಗ ಪೆಡಲು ಕಾಲಡಿಯಲ್ಲಿ ನಡುಗತೊಡಗಿತು. ಮುಂದಿನ ತಿರುವಿನಲ್ಲಿ ಹತ್ತಿಯನ್ನು ತುಳಿದಂತೆ ಮೆತ್ತಗಾಗಿ ಒಳಕ್ಕೆ ಹೋಯಿತು. ಗೇರು ಇಳಿಸಿ, ಗಾಡಿಯನ್ನು ಬರೆಗೆ ಒರಗಿಸಿ ನಿಲ್ಲಿಸಿದೆವು. ಯಾರಿಗೂ ಅಪಾಯವಾಗಲಿಲ್ಲ. ತಪ್ಪು ಗಾಡಿಯದಲ್ಲ, ನಮ್ಮದೇ.

ಹೀಗಾಗಲು ಕಾರಣ ಬಿಸಿ. ಎರಡು ಟನ್ ತೂಕದ ಗಾಡಿ ನೂರು ಮೀಟರ್ ಎತ್ತರದಿಂದ ಬರಿಯ ಬ್ರೇಕಿನ ಬಲದಿಂದಲೇ ಇಳಿದರೆ ಹುಟ್ಟುವ ಬಿಸಿಯು ಸುಮಾರು ಆರು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಅಷ್ಟನ್ನೂ ಗಾಲಿಯೊಡನೆ ತಿರುಗುವ ಕಬ್ಬಿಣದ ತಟ್ಟೆಗಳು, ಎಂದರೆ ಡಿಸ್ಕುಗಳು, ಮತ್ತು ಹಿಂದಿನ ಡ್ರಮ್ಮುಗಳು ತಾಳಿಕೊಳ್ಳಬೇಕು. ಡಿಸ್ಕ್ ಬ್ರೇಕು ಹೊಸತೇನಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬವರು 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಅದರ ಹೆಸರು ಹಬ್ಬಿತು. ಗಾಳಿಗೆ ತೆರೆದಿರುವುದರಿಂದ ಅದು ಡ್ರಮ್ಮಿಗಿಂತ ಬೇಗ ಆರುತ್ತದೆ.

ಡಿಸ್ಕ್ ಸವೆದು ತೆಳ್ಳಗಾದಂತೆ ಬಿಸಿ ತಾಳುವ ಶಕ್ತಿ ಕುಗ್ಗುತ್ತದೆ. ಅದರ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅಳೆದು ನೋಡಿ, ಅದಕ್ಕಿಂತ ಇಳಿದಿದ್ದರೆ ಲೇತಿಗೆ ಕೊಟ್ಟು ತಿರುವಿಸುವ ಉಳಿತಾಯ ಬೇಡ, ಬದಲಾಯಿಸಿರಿ. ಬಿರುಕು, ಆಳವಾದ ಗೀರು, ಪೆಡಲಿನ ನಡುಕ ಇವೂ ಎಚ್ಚರಿಕೆಯ ಗುರುತುಗಳೇ.

ಬದಲಾಯಿಸುವಾಗ ಕೆಲವು ಮಾತು ನೆನಪಿರಲಿ. ಎಡಬಲ ಎರಡು ಡಿಸ್ಕುಗಳನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದೇ ಹೊಸತಾದರೆ ಗಾಡಿ ಒಂದು ಬದಿಗೆ ಎಳೆದೀತು. ಜೊತೆಗೆ ಪ್ಯಾಡುಗಳೂ ಹೊಸವಿರಲಿ. ಹಬ್ಬಿನ ಮುಖದ ತುಕ್ಕನ್ನು ಚೆನ್ನಾಗಿ ಉಜ್ಜಿ ತೆಗೆಯದಿದ್ದರೆ ಹೊಸ ಡಿಸ್ಕೂ ಓರೆಯಾಗಿ ಕುಳಿತು ನಡುಗುತ್ತದೆ. ಡಿಸ್ಕಿಗೆ ಸವರಿದ ಎಣ್ಣೆಯನ್ನು ಪೂರ್ತಿ ಒರಸಬೇಕು. ಕ್ಯಾಲಿಪರ್ ಜಾರುವ ಪಿನ್ನುಗಳು ನಮ್ಮ ಮಳೆಗೆ ಹಿಡಿದುಕೊಳ್ಳುವುದುಂಟು. ಅವನ್ನು ಶುಚಿಮಾಡಿ ತಕ್ಕ ಗ್ರೀಸು ಹಚ್ಚಿಸಿರಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೃದುವಾಗಿ ಬ್ರೇಕು ಹಾಕಿದರೆ ಪ್ಯಾಡೂ ಡಿಸ್ಕೂ ಹೊಂದಿಕೊಳ್ಳುತ್ತವೆ.

ನಮ್ಮ ಗಾಡಿಯ ಪೆಡಲು ಒಳಕ್ಕೆ ಹೋದುದಕ್ಕೆ ಮುಖ್ಯ ಕಾರಣ ಹಳೆಯ ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ಆಯಿಲ್ ಹೊಸತಿರುವಾಗ 205 ಡಿಗ್ರಿಯವರೆಗೆ ಕುದಿಯದು. ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಆವಿ, ಆವಿಯಾದರೆ ಪೆಡಲು ಟೊಳ್ಳು. ಆದುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಲೇಸು.

ಇನ್ನು ‘ಸುಧಾರಣೆ’ಯ ಮಾತು. ತೂತು ಕೊರೆದ ಡಿಸ್ಕು, ದೊಡ್ಡ ಡಿಸ್ಕು ಹಾಕಿಸುವ ಆಸೆ ಯುವಕರಿಗಿದೆ. ನಾಲ್ಕೂ ಗಾಲಿಗೆ ಡ್ರಮ್ಮಿರುವ ಹಳೆಯ ಜೀಪಿಗೂ ಡಿಸ್ಕು ಕೂಡಿಸುವವರುಂಟು. ಮುಂದಿನ ಹಿಂದಿನ ಬ್ರೇಕಿನ ಹೊಂದಾಣಿಕೆ ಕೆಟ್ಟರೆ ಮಳೆಯ ದಾರಿಯಲ್ಲಿ ಗಾಡಿ ತಿರುಗಿ ಬೀಳಲು ಅಷ್ಟೇ ಸಾಕು. ಕಾನೂನೂ ಇದೆ: ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಕೇರಳದಿಂದಲೇ ಹೋದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಹದಿನೈದು ವರ್ಷ ತುಂಬಿದ ಗಾಡಿಯ ಆರ್‌ಸಿ ನವೀಕರಣಕ್ಕೆ ತಪಾಸಣೆಯೂ ಉಂಟಷ್ಟೆ. ಮೂಲ ಅಳತೆಯ ಒಳ್ಳೆಯ ಡಿಸ್ಕು, ಒಳ್ಳೆಯ ಪ್ಯಾಡು, ಹೊಸ ಆಯಿಲು, ಬಿರುಕಿಲ್ಲದ ಹೋಸು, ಡ್ರಮ್ಮಿಗೆ ಸರಿಯಾದ ಲೈನರು: ನಮ್ಮಂಥವರಿಗೆ ಇದೇ ಸುಧಾರಣೆ.

ಇಳಿಯುವಾಗ, ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತು ತರಲು ಪೇಟೆಗೆ ಹೋಗುತ್ತೀರಲ್ಲ, ಆ ದಿನವೇ ಗ್ಯಾರೇಜಿನಲ್ಲಿ ನಾಲ್ಕೂ ಗಾಲಿ ಬಿಚ್ಚಿಸಿ ನೋಡಿಸಿರಿ. ಕೊಳೆರೋಗದಿಂದ ಹೋದ ಫಸಲು ಮರುವರ್ಷ ಬಂದೀತು. ಇಳಿಜಾರಿನಲ್ಲಿ ಹೋದ ಜೀವ ಬಾರದು.