ನೇಗಿಲ ಕುಲುಮೆಯ ಉಗಿಬಂಡಿ

ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ನಗರದಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ಮರ್ರೆ ನದಿಯ ದಂಡೆಯ ಮೇಲಿರುವ ಮನ್ನಂ ಎಂಬ ಸಣ್ಣ ಊರಿನಲ್ಲಿ, 19ನೆಯ ಶತಮಾನ ಮುಗಿಯುವ ಮೊದಲೇ ಕುದುರೆಯಿಲ್ಲದ ಬಂಡಿಯೊಂದು ಸಿದ್ಧವಾಯಿತು. ಅದನ್ನು ಕಟ್ಟಿದ ಡೇವಿಡ್ ಷಿಯರರ್ ಹುಟ್ಟಿದ್ದು 1850ರಲ್ಲಿ, ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ. ಎಳವೆಯಲ್ಲೇ ಹೆತ್ತವರೊಡನೆ ವಲಸೆ ಬಂದ ಅವರು ಕಮ್ಮಾರಿಕೆ ಕಲಿತು, ಅಣ್ಣ ಜಾನ್ ಜೊತೆಗೂಡಿ ಮನ್ನಂನಲ್ಲಿ ಬೇಸಾಯದ ಸಲಕರಣೆ ತಯಾರಿಸುವ ಉದ್ಯಮವನ್ನು ಬೆಳೆಸಿದರು.

ಆ ಸೀಮೆಯ ನೆಲವೇ ಕಮ್ಮಾರರನ್ನು ಪರೀಕ್ಷೆಗೊಡ್ಡುವಂಥದು. ಅಲ್ಲಿ ಹಬ್ಬಿದ ಮ್ಯಾಲಿ, ಅಂದರೆ ಒಂದೇ ಬುಡದಿಂದ ಹಲವು ಕಾಂಡ ಚಿಗುರುವ ಕುಳ್ಳ ನೀಲಗಿರಿ ಜಾತಿಯ ಮರ, ಕಡಿದ ಮೇಲೂ ಗಟ್ಟಿ ಬೇರುಗಡ್ಡೆಯನ್ನು ಮಣ್ಣಿನಲ್ಲೇ ಉಳಿಸುತ್ತಿತ್ತು. ಅದಕ್ಕೆ ತಾಗಿದ ನೇಗಿಲಿನ ಎರಕದ ಗುಳಗಳು ಮುರಿದುಹೋಗುತ್ತಿದ್ದುದರಿಂದ, ಷಿಯರರ್ ಸೋದರರು ಬಡಿದು ಹದಗೊಳಿಸಿದ ಉಕ್ಕಿನ ಗುಳಗಳನ್ನು ತಯಾರಿಸಿ ರೈತರ ನಡುವೆ ಹೆಸರು ಮಾಡಿದರು. ಲೋಹದ ಹದವನ್ನು ಹೀಗೆ ಹೊಲದಲ್ಲಿ ಕಲಿತ ಕೈಯೇ ಉಗಿಬಂಡಿಯನ್ನೂ ಕಟ್ಟಿತೆಂಬುದನ್ನು ಮರೆತರೆ ಅದು ಬರೀ ಹವ್ಯಾಸಿಯ ಆಟಿಕೆಯಂತೆ ಕಂಡೀತು.

1880ರ ದಶಕದಲ್ಲಿ ಆರಂಭವಾದ ಬಂಡಿ ಕಟ್ಟುವ ಕೆಲಸ ಬಿಡುವಿನ ವೇಳೆಯಲ್ಲಿ ವರ್ಷಗಟ್ಟಲೆ ಸಾಗಿತು. ಬಾಯ್ಲರಿನಲ್ಲಿ ಹುಟ್ಟಿದ ಉಗಿಯ ಬಲದಿಂದ ಬಂಡಿ ಗಂಟೆಗೆ ಸುಮಾರು 24 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ಅದಕ್ಕಿಂತ ಹೆಚ್ಚಿನ ಜಾಣ್ಮೆ ಇದ್ದದ್ದು ಹಿಂದಿನ ಚಕ್ರದಲ್ಲಿ ಅಡಗಿಸಿದ ಡಿಫರೆನ್ಷಿಯಲ್‌ನಲ್ಲಿ. ಗಾಡಿ ತಿರುವು ತೆಗೆದುಕೊಳ್ಳುವಾಗ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ಒಂದು ಚಕ್ರ ನೆಲವನ್ನು ಉಜ್ಜಿಕೊಂಡು ಎಳೆಯಲ್ಪಡುತ್ತದೆ. ಎಂಜಿನ್ನಿನ ಬಲವನ್ನು ಎರಡಕ್ಕೂ ಹಂಚುತ್ತಲೇ ಬೇರೆ ಬೇರೆ ವೇಗದಲ್ಲಿ ತಿರುಗಗೊಡುವ ಹಲ್ಲುಚಕ್ರಗಳ ಜೋಡಣೆಯೇ ಡಿಫರೆನ್ಷಿಯಲ್. ದೊಡ್ಡ ಕಾರ್ಖಾನೆಗಳಿಂದ ದೂರದಲ್ಲಿ, ಹಳ್ಳಿಗರ ನೇಗಿಲು ಮಾಡುವ ಕುಲುಮೆಯಲ್ಲಿ ಇದನ್ನು ಸಾಧಿಸಿದ್ದು ಸಾಮಾನ್ಯ ಸಂಗತಿಯಲ್ಲ.

1900ರಲ್ಲಿ, ಮೇಯರ್ ಅವರ ಅನುಮತಿ ಪಡೆದು, ಈ ಬಂಡಿಯನ್ನು ಅಡಿಲೇಡ್‌ನ ಬೀದಿಗಳಲ್ಲಿ ಓಡಿಸಲಾಯಿತು. ಆದರೂ ಷಿಯರರ್ ಕಾರು ತಯಾರಕರಾಗಲಿಲ್ಲ. 1910ರಲ್ಲಿ ಅಣ್ಣನೊಂದಿಗಿನ ಪಾಲುದಾರಿಕೆ ಮುಗಿದ ಮೇಲೂ ಮನ್ನಂನಲ್ಲೇ ಉಳಿದು ರೈತರ ಸಲಕರಣೆಗಳನ್ನೇ ಮಾಡಿದರು. ಇದನ್ನು ಸೋಲೆಂದು ಎಣಿಸುವುದು ಸರಿಯಲ್ಲ, ಏಕೆಂದರೆ ಅವರ ಗಿರಾಕಿಗೆ ಬೇಕಾಗಿದ್ದುದು ಮುರಿಯದ ಗುಳವೇ ಹೊರತು ಮೋಟಾರು ಬಂಡಿಯಲ್ಲ. ಷಿಯರರ್ 1936ರಲ್ಲಿ ತೀರಿಕೊಂಡರು. ಅವರ ಬಂಡಿ ಇಂದು ಅಡಿಲೇಡ್‌ನಿಂದ ಮನ್ನಂಗೆ ಹೋಗುವ ದಾರಿಯಲ್ಲಿ ಸಿಗುವ ಬರ್ಡ್‌ವುಡ್‌ನ ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ.