ಚುಚ್ಚಿ ಚುಚ್ಚಿ ಸೋತ ಕೈಗೆ ಒಂದು ನಳಿಕೆ

ಕೂಡ್ಲಿಗಿ, ಕೊಟ್ಟೂರು ಕಡೆಯ ಹಿತ್ತಲುಗಳಲ್ಲಿ ನಿತ್ಯಪುಷ್ಪದ ಗಿಡ ಸಾಮಾನ್ಯ. ಕೆಲವರು ಅದನ್ನು ಕಾಶಿ ಕಣಗಿಲೆ ಎನ್ನುತ್ತಾರೆ. ನೀರು ಹಾಕಲು ಮರೆತರೂ ವರ್ಷವಿಡೀ ಹೂ ಬಿಡುತ್ತದೆ. ಈ ಗಿಡದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಎಂಬ ಔಷಧ 1960ರ ದಶಕದಿಂದ ರಕ್ತದ ಕ್ಯಾನ್ಸರ್ ಬಂದ ಮಕ್ಕಳನ್ನು ಉಳಿಸುತ್ತಾ ಬಂದಿದೆ. ಹಾಗಂತ ಎಲೆ ಅರೆದು ಯಾರಿಗೂ ಕುಡಿಸಬೇಡಿ ಅಜ್ಜಿ, ಅದು ವಿಷ. ರಕ್ತನಾಳದೊಳಗೆ ಹೋದರೆ ಜೀವ ಉಳಿಸುವ ಈ ಔಷಧ, ನಾಳದಿಂದ ಚೂರು ಹೊರಗೆ ಸೋರಿದರೆ ಸುತ್ತಲಿನ ಮಾಂಸವನ್ನೇ ಸುಡುತ್ತದೆ.

ಮಕ್ಕಳ ರಕ್ತರೋಗದ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದು, ನಿವೃತ್ತಿಯ ಮೇಲೆ ಊರಿಗೆ ಬಂದವಳು ನಾನು. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ಜನ ಒಂದು ಪ್ರಶ್ನೆ ಹಿಡಿದು ಬರುತ್ತಾರೆ. ಬೆಂಗಳೂರಿನ ಕಿದ್ವಾಯಿಗೋ, ಇನ್ನೊಂದು ದೊಡ್ಡ ಆಸ್ಪತ್ರೆಗೋ ಮಗುವನ್ನು ಕರೆದೊಯ್ದಿರುತ್ತಾರೆ. ಅಲ್ಲಿ ಡಾಕ್ಟರು ‘ಸೆಂಟ್ರಲ್ ಲೈನ್ ಹಾಕಬೇಕು’ ಅಂದಿರುತ್ತಾರೆ. ‘ಎದಿಯಾಗ ನಳಿಕಿ ಇಡ್ತಾರಂತ್ರಿ ಸಿಸ್ಟರಮ್ಮ, ನಮ್ಮ ಹುಡ್ಗ ತಡ್ಕಂತಾನೇನ್ರಿ?’

ತಡೆದುಕೊಳ್ಳುತ್ತಾನೆ. ನಿಜ ಹೇಳಬೇಕೆಂದರೆ, ತಡೆದುಕೊಳ್ಳಲು ಆಗದಿರುವುದು ನಳಿಕೆ ಇಲ್ಲದ ಚಿಕಿತ್ಸೆಯೇ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡು ವರ್ಷಕ್ಕೂ ಮೇಲೆ ನಡೆಯುತ್ತದೆ. ರಕ್ತ ತೆಗೆಯಲು ಒಂದು ಚುಚ್ಚು, ರಕ್ತ ಏರಿಸಲು ಇನ್ನೊಂದು, ಔಷಧಕ್ಕೆ ಮತ್ತೊಂದು. ಐದು ವರ್ಷದ ಮಗುವಿನ ಕೈಯ ನಾಳಗಳು ಎಷ್ಟು ಅಂತ ಸಹಿಸಿಯಾವು? ಕೆಲವೇ ತಿಂಗಳಲ್ಲಿ ನಾಳಗಳು ಗಟ್ಟಿಯಾಗಿ ಮುಚ್ಚಿಹೋಗುತ್ತವೆ. ಬಿಳಿ ಕೋಟು ಕಂಡರೆ ಮಂಚದ ಕೆಳಗೆ ಅವಿತುಕೊಳ್ಳುವ ಮಕ್ಕಳನ್ನು ನಾನು ನೋಡಿದ್ದೇನೆ.

ಮಕ್ಕಳೇ, ಹೀಗೆ ಯೋಚಿಸಿ. ಹೊಲದ ಸಣ್ಣ ಕಾಲುವೆಗೆ ಒಂದು ಡಬ್ಬಿ ಗೊಬ್ಬರದ ದ್ರಾವಣ ಸುರಿದರೆ ಪಕ್ಕದ ಪೈರು ಸುಟ್ಟುಹೋದೀತು. ಅದನ್ನೇ ತುಂಬಿ ಹರಿಯುವ ತುಂಗಭದ್ರೆಗೆ ಸುರಿದರೆ? ಗುರುತೇ ಸಿಗದಷ್ಟು ತೆಳ್ಳಗಾಗುತ್ತದೆ. ನಮ್ಮ ದೇಹದ ಅಂಥ ಹೊಳೆ ಹೃದಯಕ್ಕೆ ಸೇರುವ ಮಹಾಸಿರೆ. ತೋಳಿನಿಂದಲೋ ಕುತ್ತಿಗೆಯಿಂದಲೋ ಒಳಹೋದ ಮೆತ್ತನೆಯ ನಳಿಕೆಯ ತುದಿ, ಹೃದಯದ ಬಾಗಿಲಲ್ಲಿ, ಆ ಮಹಾಸಿರೆಯೊಳಗೆ ನಿಲ್ಲುತ್ತದೆ.

ಇಂಥ ಸಾಹಸಕ್ಕೆ ಮೊದಲು ಕೈ ಹಾಕಿದವನು ಜರ್ಮನಿಯ ವರ್ನರ್ ಫೋರ್ಸ್‌ಮನ್, ಸುಮಾರು 25 ವರ್ಷದ ಡಾಕ್ಟರ್. 1929ರಲ್ಲಿ ಮೇಲಧಿಕಾರಿ ಬೇಡವೆಂದರೂ ಕೇಳಲಿಲ್ಲ. ಗೆರ್ಡಾ ಡಿಟ್ಜೆನ್ ಎಂಬ ನರ್ಸ್ ‘ನನ್ನ ಮೇಲೇ ಪ್ರಯೋಗ ಮಾಡಿ’ ಎಂದು ಮುಂದೆ ಬಂದಳು. ಆತ ಅವಳನ್ನು ಮೇಜಿಗೆ ಕಟ್ಟಿ, ಮೋಸದಿಂದ ತನ್ನದೇ ತೋಳಿಗೆ ನಳಿಕೆ ತೂರಿಸಿಕೊಂಡ! ಆಮೇಲೆ ಅವಳನ್ನು ಬಿಚ್ಚಿ, ಎಕ್ಸ್‌ರೇ ಕೋಣೆಗೆ ನಡೆದುಕೊಂಡೇ ಹೋದ. 65 ಸೆಂಟಿಮೀಟರ್ ಒಳಹೋಗಿದ್ದ ನಳಿಕೆಯ ತುದಿ ಹೃದಯದಲ್ಲಿ ಕಂಡಿತು. ಆಗ ಬೈಸಿಕೊಂಡವನಿಗೆ 1956ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ನರ್ಸಮ್ಮನಿಗೆ ಏನೂ ಬರಲಿಲ್ಲ. ನನಗೆ ಅವಳ ಧೈರ್ಯವೇ ಹೆಚ್ಚು ಇಷ್ಟ.

ಇಂದು ಯಾರೂ ಹಾಗೆ ತೂರಿಸುವುದಿಲ್ಲ. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಉಪಾಯವೇ ಈಗಲೂ ನಡೆದಿದೆ. ಮೊದಲು ಸೂಜಿ, ಸೂಜಿಯೊಳಗಿಂದ ತೆಳುವಾದ ತಂತಿ. ಸೂಜಿ ತೆಗೆದು, ದಾರದ ಮೇಲೆ ಮಣಿ ಜಾರಿಸಿದಂತೆ ತಂತಿಯ ಮೇಲೆ ನಳಿಕೆ ಜಾರಿಸುವುದು, ತಂತಿ ಎಳೆದುಬಿಡುವುದು. ಗರ್ಭದ ಶಿಶುವನ್ನು ನೋಡುವ ಸ್ಕ್ಯಾನಿಂಗ್ ಯಂತ್ರದಲ್ಲೇ ನಾಳವನ್ನು ನೋಡುತ್ತಾ ಚುಚ್ಚುತ್ತಾರೆ. ಚಿಕ್ಕ ಮಕ್ಕಳಿಗೆ ನಿದ್ದೆ ಬರಿಸಿರುತ್ತಾರೆ. ತೋಳಿನಿಂದ ಹೊರಬರುವ ನಳಿಕೆಗೆ ಪಿಕ್ ಅನ್ನುತ್ತಾರೆ. ಎದೆಯ ಚರ್ಮದಡಿ ನಾಣ್ಯದಷ್ಟಗಲದ ಗುಂಡಿ ಹುದುಗಿಸುವುದು ಕೀಮೋಪೋರ್ಟ್. ಅದರಲ್ಲಿ ಸೂಜಿ ಇಲ್ಲದಾಗ ಮಗು ಈಜಲೂಬಹುದು.

ರಕ್ತರೋಗದವರಲ್ಲಿ ಒಂದು ತೊಡಕಿದೆ. ನಳಿಕೆ ಹಾಕಲು ಚುಚ್ಚಲೇಬೇಕು, ಚುಚ್ಚಿದರೆ ಅವರ ರಕ್ತ ನಿಲ್ಲುವುದಿಲ್ಲ. ಆರೋಗ್ಯವಂತರ ಒಂದು ಹನಿ ರಕ್ತ ಪರೀಕ್ಷಿಸಿದರೆ ಪ್ಲೇಟ್‌ಲೆಟ್ ಎಣಿಕೆ ಒಂದೂವರೆ ಲಕ್ಷಕ್ಕೂ ಮೇಲಿರುತ್ತದೆ. ಈ ಮಕ್ಕಳಲ್ಲಿ 20 ಸಾವಿರಕ್ಕೂ ಇಳಿದಿರುತ್ತದೆ. ಆಗ ಬೇರೆಯವರು ದಾನ ಮಾಡಿದ ಪ್ಲೇಟ್‌ಲೆಟ್ ಏರಿಸಿ ನಳಿಕೆ ಹಾಕುತ್ತಾರೆ. ಅದನ್ನು ಫ್ರಿಜ್ಜಿನಲ್ಲಿಡುವಂತಿಲ್ಲ, ತೊಟ್ಟಿಲಂತೆ ತೂಗುತ್ತಲೇ ಇರಬೇಕು, ಇಟ್ಟರೂ ಸಾಮಾನ್ಯವಾಗಿ ಐದೇ ದಿನ. ಅದಕ್ಕೇ ಡಾಕ್ಟರು ‘ಇವತ್ತೇ ದಾನಿಗಳನ್ನು ಕರೆತನ್ನಿ’ ಎಂದು ಅವಸರಿಸುವುದು.

ಹಿಮೋಫಿಲಿಯಾ ಇರುವವರಿಗೆ ಪ್ಲೇಟ್‌ಲೆಟ್ ಸರಿಯಿರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಒಂದು ಅಂಶ ಹುಟ್ಟಿನಿಂದಲೇ ಕಡಿಮೆ. ಆ ಅಂಶವನ್ನು ಮೊದಲು ಕೊಟ್ಟು, ಆಮೇಲೆ ಪೋರ್ಟ್ ಇಡಬೇಕು. ನಮಗೆ ಹತ್ತಿರದ ದಾವಣಗೆರೆಯಲ್ಲಿ ಇವರಿಗಾಗಿಯೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇಟ್ಟುಕೊಂಡೇ ಡಾಕ್ಟರಾದವರು.

ನಳಿಕೆ ಹಾಕುವುದು ಗಂಟೆಯ ಕೆಲಸ, ಕಾಯುವುದು ತಿಂಗಳುಗಟ್ಟಲೆ. ನಮ್ಮ ಕಡೆ ಮಳೆ ಕೈಕೊಟ್ಟರೆ ಅಪ್ಪ ಅಮ್ಮ ಗುಳೆ ಹೋಗುತ್ತಾರೆ, ಕಾಯುವವರು ಅಜ್ಜ ಅಜ್ಜಿಯರೇ. ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯಬೇಕು. ಪಿಕ್ ಇದ್ದರೆ ವಾರಕ್ಕೊಮ್ಮೆ ಕಲಿತವರಿಂದ ಪಟ್ಟಿ ಬದಲಾಗಬೇಕು, ನೀರು ತಾಗಬಾರದು, ಹತ್ತಿರ ಕತ್ತರಿ ತರಬಾರದು. ಇದಕ್ಕಿಂತ ದೊಡ್ಡದು ಜ್ವರ. ನಳಿಕೆಯಲ್ಲಿ ಸೇರಿದ ಕ್ರಿಮಿ ನೇರ ರಕ್ತಕ್ಕೆ ಹೋಗುತ್ತದೆ, ಎದುರಿಸಲು ಈ ಮಕ್ಕಳಲ್ಲಿ ಬಿಳಿ ರಕ್ತಕಣ ಇರುವುದಿಲ್ಲ. ಥರ್ಮಾಮೀಟರ್ 100.4 ದಾಟಿದರೆ, ಇಲ್ಲವೇ ಮಗು ಗಡಗಡ ನಡುಗಿದರೆ, ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯುವಂತಿಲ್ಲ. ನಮ್ಮ ದೇಶದಲ್ಲಿ ಈ ಮಕ್ಕಳನ್ನು ಕಳೆದುಕೊಳ್ಳುವುದು ಕ್ಯಾನ್ಸರಿನಿಂದ ಮಾತ್ರವಲ್ಲ, ಇಂಥ ಸೋಂಕಿನಿಂದಲೂ.

ಹಡಗಲಿ ಕಡೆಯ ಒಬ್ಬ ಅಜ್ಜಿಗೆ ಓದು ಬಾರದು. ಮೊಮ್ಮಗನಿಗೆ ಪಿಕ್ ಹಾಕಿಸಿ ತಂದಾಗ, ಐದನೇ ಕ್ಲಾಸಿನ ಮೊಮ್ಮಗಳಿಗೆ ಥರ್ಮಾಮೀಟರ್ ಓದುವುದನ್ನು ಕಲಿಸಿಕೊಟ್ಟಿದ್ದೆ. ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ‘ಸಿಸ್ಟರಮ್ಮ, ನೂರಾ ಒಂದು ಐತಿ.’ ನಾನು ‘ಹೊರಡಿ’ ಅನ್ನುವಷ್ಟರಲ್ಲಿ ಅಜ್ಜಿಯ ದನಿ ಕೇಳಿತು, ‘ಗಾಡಿ ಬಂದೈತ್ರಿ, ಹೊಂಟೀವಿ.’ ಹುಡುಗ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಚೇತರಿಸಿಕೊಂಡ.

ಆಮೇಲೆ ನಳಿಕೆಯ ಕೆಲಸ ಮುಗಿದು ತೆಗೆದ ದಿನವೂ ಆ ಹುಡುಗಿಯೇ ಫೋನ್ ಮಾಡಿದಳು. ತೆಗೆಯಲು ಒಂದು ನಿಮಿಷವೂ ಹಿಡಿಯಲಿಲ್ಲವಂತೆ. ಮನೆಗೆ ಕೊಡಿ ಎಂದು ತಮ್ಮ ಹಟ ಮಾಡಿದನಂತೆ. ಕೊಡಲಿಲ್ಲ.